ಸಿಡಿಲಿಗೆ ಹೇಳಿದ ವಿಳಾಸ

ಸೊಳ್ಳೆಬತ್ತಿಯ ಬೂದಿಯನ್ನು ಎಲ್ಲಿ ಎಸೆಯುವುದೆಂದು ಕಿಯೊಮಿಗೆ ಬೆಳಗಿನಿಂದ ತೋಚಿರಲಿಲ್ಲ. ರಾತ್ರಿಯೆಲ್ಲ ಉರಿದು ಆರಿದ ಬತ್ತಿ ಸುರುಳಿಯ ಆಕಾರದಲ್ಲೇ ತಟ್ಟೆಯ ಮೇಲೆ ಬೂದಿಯಾಗಿ ಮಲಗಿತ್ತು. ಕೆಳಗಿನ ಕಸದ ಬುಟ್ಟಿಗೆ ಹಾಕುವಂತಿಲ್ಲ. ಹಸುವಿಗೆ ಏನಾದರೂ ಸಿಕ್ಕೀತೇ ಎಂದು ಮನೆಯೊಡತಿ ಮುನಿತಾಯಮ್ಮ ಆ ಬುಟ್ಟಿಯನ್ನು ದಿನಾ ಕೆದಕುತ್ತಾಳೆ. ಮಹಡಿಯಿಂದ ತೂರಿದರೆ ಗಾಳಿ ಅದನ್ನು ನೇರವಾಗಿ ಪಕ್ಕದ ರೇಷ್ಮೆ ಹುಳುಮನೆಯ ಕಿಟಕಿಗೇ ಒಯ್ಯುತ್ತದೆ. ಬಚ್ಚಲಿಗೆ ಸುರಿಯೋಣವೆಂದರೆ ಆ ನೀರು ಹೋಗಿ ಸೇರುವುದು ಹಿಪ್ಪುನೇರಳೆ ತೋಟಕ್ಕೆ. ಕೊನೆಗೆ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಚೀಲಕ್ಕೆ ಹಾಕಿಕೊಂಡಳು. ದೇವನಹಳ್ಳಿ ಕಡೆಯ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎತ್ತಿಡುವ ಹೆಂಗಸು ಇವಳು. ಇವಳು ಬರುತ್ತಿದ್ದರೆ ಅಲ್ಲಿಯ ಹುಡುಗರು ಫೋನನ್ನು ಜೇಬಿಗಿಳಿಸಿ ನೆಟ್ಟಗೆ ನಿಲ್ಲುತ್ತಾರೆ. ಅಂಥ ನಲವತ್ತೈದು ವರ್ಷದ ಮೇಡಂ ಭಾನುವಾರ ಬೆಳಿಗ್ಗೆ ಒಂದು ಹಿಡಿ ಬೂದಿಯನ್ನು ಕದ್ದ ಒಡವೆಯ ಹಾಗೆ ಬಚ್ಚಿಟ್ಟು, ಆ ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು.

ಜಪಾನಿನಿಂದ ಬಂದು ಕುಂದಾಣದ ಹತ್ತಿರದ ಈ ಹಳ್ಳಿಯಲ್ಲಿ ಮನೆ ಕೇಳಿದ ದಿನ ಮುನಿತಾಯಮ್ಮ ಅವಳ ಸಂಬಳ ಕೇಳಲಿಲ್ಲ, ಮದುವೆಯಾಗಿದೆಯೇ ಎಂದೂ ಕೇಳಲಿಲ್ಲ. ಹತ್ತಿರ ಬಂದು, ಕತ್ತಿನ ಬಳಿ ಮೂಗು ತಂದು ಮೂಸಿ ನೋಡಿದ್ದಳು. "ಸೆಂಟು ಹಾಕ್ತೀಯಾ? ಊದುಬತ್ತಿ ಹಚ್ತೀಯಾ? ಸೊಳ್ಳೆಬತ್ತಿ?" ಜೊತೆಗೆ ಬಂದಿದ್ದ ಕಚೇರಿಯ ಹುಡುಗಿ ನಗು ತಡೆದುಕೊಂಡು ಒಂದೊಂದನ್ನೂ ಬಿಡಿಸಿ ಹೇಳಿದಳು. ಎಲ್ಲಕ್ಕೂ ಇಲ್ಲ ಎಂದ ಮೇಲೆ ಬೀಗದ ಕೈ ಸಿಕ್ಕಿತು. ಮಹಡಿಯ ಮೆಟ್ಟಿಲಿಗೆ ಅಂಟಿಕೊಂಡೇ ರೇಷ್ಮೆಹುಳು ಸಾಕುವ ಉದ್ದನೆಯ ಮನೆ ಇತ್ತು. ಆ ಹುಳುಗಳಿಗೆ ಹೊಗೆ ಆಗದು, ಘಮ ಆಗದು, ಹೊರಗಿನವರ ಕಾಲಧೂಳು ಸಹ ಆಗದು. ಎರಡು ವರ್ಷಗಳಲ್ಲಿ ಕಿಯೊಮಿ ಎಂಬ ಹೆಸರು ಮುನಿತಾಯಮ್ಮನ ನಾಲಿಗೆಗೆ ಒಗ್ಗದೆ ಕೆಂಪಮ್ಮ ಆಯಿತು, ಹಬ್ಬಕ್ಕೆ ಒಬ್ಬಟ್ಟು ಮಹಡಿ ಹತ್ತಿ ಬಂತು, ನೆಗಡಿಯಾದಾಗ ಮೆಣಸಿನ ಸಾರು ಬಂತು. ಹುಳುಮನೆಯ ಬಾಗಿಲು ಮಾತ್ರ ಅವಳಿಗೆ ತೆರೆಯಲಿಲ್ಲ. ಅದಕ್ಕೆ ಅವಳು ಬೇಸರಪಟ್ಟುಕೊಂಡವಳೂ ಅಲ್ಲ. ಕೊಟ್ಟ ಮಾತಿಗೆ ತಪ್ಪಿಲ್ಲ ಎಂಬ ಹೆಮ್ಮೆಯೇ ಸಾಕಾಗಿತ್ತು, ನಿನ್ನೆ ರಾತ್ರಿಯವರೆಗೆ.

ಸೊಳ್ಳೆ ಬರೀ ನೆಪ. ಕೋಣೆಯಲ್ಲಿ ಇದ್ದದ್ದು ಒಂದೋ ಎರಡೋ, ಅವೂ ಅವಳ ತಂಟೆಗೆ ಬಂದಿರಲಿಲ್ಲ. ಕುಂದಾಣದ ಅಂಗಡಿಯಲ್ಲಿ ಸೋಪು ಕೊಳ್ಳಲು ನಿಂತಾಗ ಕಣ್ಣೆದುರಿಗೇ ಹಸಿರು ಸುರುಳಿಯ ಡಬ್ಬಿ ಇತ್ತು. ಅದನ್ನು ನೋಡಿದ್ದೇ ತಡ, ಗುನ್ಮಾ ಎಂಬ ಬೆಟ್ಟದ ಸೀಮೆಯ ಅಜ್ಜಿಯ ಮನೆ, ಅದರ ಮರದ ಜಗಲಿ, ಬಾವಿಯ ನೀರಲ್ಲಿ ತಣ್ಣಗಾದ ಕಲ್ಲಂಗಡಿ, ಸೊಳ್ಳೆಬತ್ತಿ ಇಡುವ ಮಣ್ಣಿನ ಹಂದಿಯ ಬಾಯಿಂದ ಎಳೆಯೆಳೆಯಾಗಿ ಬರುತ್ತಿದ್ದ ಬತ್ತಿಯ ಹೊಗೆ, ಎಲ್ಲ ಒಟ್ಟಿಗೆ ಮೂಗಿಗೆ ಬಂದವು. ಅವಳಿಗೆ ಬೇಕಾಗಿದ್ದದ್ದು ಆ ವಾಸನೆ, ಒಂದೇ ಒಂದು ರಾತ್ರಿಗೆ. ಕಿಟಕಿಯೆಲ್ಲ ಮುಚ್ಚಿ ಹಚ್ಚಿದಳು. ನಡುರಾತ್ರಿ ಸೆಕೆ ತಡೆಯಲಾರದೆ ನಿದ್ದೆಗಣ್ಣಿನಲ್ಲೇ ಕಿಟಕಿ ತೆರೆದಳು. ಹುಳುಮನೆಯ ಕಡೆಯ ಕಿಟಕಿ. ಅಜ್ಜಿಯೂ ಒಂದು ಕಾಲದಲ್ಲಿ ಅಟ್ಟದ ಮೇಲೆ ರೇಷ್ಮೆಹುಳು ಸಾಕುತ್ತಿದ್ದಳು, ಆಗ ಆ ಮನೆಯಲ್ಲಿ ಬತ್ತಿ ಹಚ್ಚುತ್ತಿರಲಿಲ್ಲ, ಸೊಳ್ಳೆಪರದೆಯೇ ಗತಿ. ಹಿಪ್ಪುನೇರಳೆ ಗಿಡಗಳನ್ನೆಲ್ಲ ಕಿತ್ತುಹಾಕಿದ ಮೇಲೆಯೇ ಆ ಮಣ್ಣಿನ ಹಂದಿ ಜಗಲಿಗೆ ಬಂದದ್ದು. ತಾನು ಇಷ್ಟು ವರ್ಷ ಮನೆಯ ವಾಸನೆ ಎಂದುಕೊಂಡದ್ದು ಹುಳುಗಳು ಹೊರಟುಹೋದ ಮನೆಯ ವಾಸನೆ ಎಂಬುದು ಅವಳಿಗೆ ಹೊಳೆದದ್ದು ಈ ಬೆಳಿಗ್ಗೆ.

ಬೆಳಿಗ್ಗೆ ಹುಳುಮನೆಯಿಂದ ಹೊರಬಂದ ಮುನಿತಾಯಮ್ಮ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಮೆಟ್ಟಿಲ ಕಡೆಯ ಮೂಲೆಯ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮುಟ್ಟಿರಲಿಲ್ಲ. ಕೆಲವು ತಲೆ ಎತ್ತಿ ತೂಗುತ್ತಿದ್ದವು, ಕೆಲವುಗಳ ಬಾಯಲ್ಲಿ ಹಸಿರು ನೀರು. ಇನ್ನು ನಾಲ್ಕು ದಿನ ತಿಂದರೆ ಗೂಡು ಕಟ್ಟುವ ಹುಳುಗಳು ಅವು. ಒಂದು ಮೂಲೆಗೆ ಬಂದದ್ದು ಸಂಜೆಗೆ ಇಡೀ ಮನೆಗೆ ಹಬ್ಬಬಹುದು. ಮುನಿತಾಯಮ್ಮ ಸ್ವಲ್ಪ ಹೊತ್ತು ಗಾಳಿ ಮೂಸಿದಳು, ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಪಕ್ಕದ ದ್ರಾಕ್ಷಿ ತೋಟದ ಬೇಲಿಗೆ ಹೋದಳು.

"ಲೇ ಜಯಕುಮಾರ, ಬಾರೋ ಇಲ್ಲಿ. ಔಷ್ದಿ ಹೊಡ್ದಿದ್ದೀಯಾ?"

"ಇಲ್ಲ ಕಣಕ್ಕ. ನಾನ್ ಹೊಡ್ದು ಹದಿನೈದು ದಿನ ಆಯ್ತು. ಅದೂ ನಿಮ್ಗೆ ಹೇಳೇ ಹೊಡ್ದೆ."

"ಮತ್ತೆ ನನ್ ಹುಳ ಸುಮ್ಸುಮ್ನೆ ಕಕ್ತವಾ? ನಿನ್ ದ್ರಾಕ್ಷಿ ಗೊಂಚಲು ಗೊಂಚಲೇ ಉದುರೋಗ."

ಜಯಕುಮಾರ್ ಬೇಲಿಯಾಚೆ ನೀರಿನ ಪೈಪು ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ. ಕಿಯೊಮಿಯ ಗ್ಯಾಸ್ ಸಿಲಿಂಡರನ್ನು ಕೇಳದೆಯೇ ಹೆಗಲಿಗೇರಿಸಿಕೊಂಡು ಮಹಡಿಗೆ ತಂದುಕೊಡುವವನು ಅವನೇ. ಮುನಿತಾಯಮ್ಮನ ಗಂಡ ಆಂಜಿನಪ್ಪ ಹಸುವಿನ ಪಕ್ಕ ನಿಂತು, ಈ ಜಗಳಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡುತ್ತಾ ಕಿವಿ ತುರಿಸಿಕೊಳ್ಳುತ್ತಿದ್ದ. ಮಹಡಿಯಲ್ಲಿ ಒಣಹಾಕಿದ್ದ ಹೊದಿಕೆಯ ಹಿಂದೆ ಕಿಯೊಮಿ ನಿಂತು, ತನಗೆ ಸಲ್ಲಬೇಕಾದ ಬೈಗುಳ ಇನ್ನೊಬ್ಬನಿಗೆ ಸಲ್ಲುವುದನ್ನು ಪೂರ್ತಿ ಕೇಳಿದಳು. ಈಗಲೇ ಕೆಳಗಿಳಿದು ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಈ ಮನೆ ಹೋಗುತ್ತದೆ. ಕೆಂಪಮ್ಮ ಎಂದು ಕರೆಯುವ ಬಾಯಿ ಹೋಗುತ್ತದೆ. ಹೊದಿಕೆ ಒಣಗಿದೆಯೇ ಎಂದು ಮುಟ್ಟಿ ನೋಡಿದಳು, ಒಣಗಿತ್ತು, ಆದರೂ ಅಲ್ಲೇ ಬಿಟ್ಟಳು.

ಮಧ್ಯಾಹ್ನ ಇಳಿದು ಹೋದದ್ದು ನಿಜ. ಮೆಟ್ಟಿಲ ಮೇಲೆಯೇ ವಾಕ್ಯವನ್ನು ಕಟ್ಟಿಕೊಂಡಿದ್ದಳು: ನಿನ್ನೆ ರಾತ್ರಿ ನಾನು ಒಂದು ತಪ್ಪು ಮಾಡಿದೆ. ಕಾರ್ಖಾನೆಯ ಹುಡುಗಿಯರಿಂದ ಕಲಿತ ಅವಳ ಕನ್ನಡ ಇಸ್ತ್ರಿ ಮಾಡಿದ ಅಂಗಿಯಂತೆ ಇತ್ತು, ಹಳ್ಳಿಯಲ್ಲಿ ತೊಟ್ಟ ತಕ್ಷಣ ಮುದುಡಿಹೋಗುತ್ತಿತ್ತು. "ಅಮ್ಮ, ನಿನ್ನೆ ರಾತ್ರಿ ನಾನು..." ಎನ್ನುವಷ್ಟರಲ್ಲಿ ಮುನಿತಾಯಮ್ಮ, "ನಿದ್ದೆ ಮಾಡಿಲ್ಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ಕುಂತ್ಕೊ, ಉಣ್ಣು ಮೊದ್ಲು" ಎಂದು ತಟ್ಟೆಗೆ ಬಿಸಿ ಮುದ್ದೆ ಇಟ್ಟು ಉಪ್ಸಾರು ಬಿಟ್ಟಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅದನ್ನು ಅವಳಿಗೆ ಕಲಿಸಿದ್ದೂ ಮುನಿತಾಯಮ್ಮನೇ. ಒಂದೊಂದು ತುತ್ತಿನ ಜೊತೆಗೂ ಅವಳು ಕಟ್ಟಿಕೊಂಡು ಬಂದಿದ್ದ ವಾಕ್ಯದ ಒಂದೊಂದು ಪದ ಒಳಗೆ ಇಳಿದುಹೋಯಿತು. ಊಟ ಮುಗಿಯುವ ಹೊತ್ತಿಗೆ ಉಳಿದದ್ದು "ಚೆನ್ನಾಗಿತ್ತು ಅಮ್ಮ" ಎಂಬುದಷ್ಟೇ. ಮೆಟ್ಟಿಲು ಹತ್ತುವಾಗ ತನ್ನ ಮೇಲೆಯೇ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಯಾರೂ ಇಲ್ಲದಿದ್ದರೂ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸಂಜೆಗೆ ಗಾಳಿ ನಿಂತುಹೋಯಿತು. ನಂದಿಬೆಟ್ಟದ ಕಡೆ ಮೋಡ ಕಪ್ಪಗೆ ಒತ್ತಿಕೊಂಡು ಬಂತು. ರಾತ್ರಿ ಊಟದ ಹೊತ್ತು ಕಳೆದು ಊರು ಮಲಗಿದ ಮೇಲೆ, ದಿನವೂ ತಲೆಯ ಮೇಲೆಯೇ ಇಳಿಯುವ ವಿಮಾನಗಳ ಸದ್ದು ಇದ್ದಕ್ಕಿದ್ದಂತೆ ಇಲ್ಲವಾಯಿತು, ಅದರ ಹಿಂದೆಯೇ ಕರೆಂಟು ಹೋಯಿತು. ಕಿಯೊಮಿ ಗುಡುಗು ಕಾಣದವಳಲ್ಲ. ಗುನ್ಮಾದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಬೆಟ್ಟ ಇಳಿದು ಬರುತ್ತಿತ್ತು, ಒಂದು ಗಂಟೆ ಗದ್ದಲ ಮಾಡಿ, ನೆಂಟನಂತೆ ಹೇಳಿ ಹೊರಡುತ್ತಿತ್ತು. ಈ ಬಯಲುಸೀಮೆಯ ಗುಡುಗಿಗೆ ತಡೆಯುವ ಬೆಟ್ಟದ ಸಾಲಿಲ್ಲ, ಹೊರಡುವ ಆತುರವೂ ಇಲ್ಲ. ಮಿಂಚಿದಾಗ ಕೋಣೆಯ ಗೋಡೆ, ಗಡಿಯಾರ, ಅವಳ ಕಾಲ ಬೆರಳುಗಳು ಎಲ್ಲ ಬೆಳ್ಳಗೆ ಎದ್ದು ನಿಂತು ಮರುಗಳಿಗೆ ಮಾಯವಾಗುತ್ತಿದ್ದವು. ನೀರಿನ ಟ್ಯಾಂಕಿನ ಮುಚ್ಚಳ ಹಾರಿಹೋಗಿ ಎಲ್ಲೋ ದಡಬಡನೆ ಬಿತ್ತು. ಹೀಗೆ ಗುಡುಗಿದರೆ ಅಜ್ಜಿ ಎಲ್ಲರನ್ನೂ ಹಳೆಯ ಸೊಳ್ಳೆಪರದೆಯೊಳಗೆ ಕೂರಿಸಿ, ಹೊಕ್ಕುಳು ಮುಚ್ಚಿಕೊಳ್ಳಿ, ಗುಡುಗಪ್ಪ ಮಕ್ಕಳ ಹೊಕ್ಕುಳು ಕದ್ದೊಯ್ಯುತ್ತಾನೆ ಎಂದು ಹೆದರಿಸುತ್ತಿದ್ದಳು. ಈಗ ಕತ್ತಲಲ್ಲಿ ತನ್ನ ಎರಡು ಕೈಗಳೂ ತಾವಾಗಿಯೇ ಹೊಟ್ಟೆಯ ಮೇಲೆ ಹೋಗಿ ಕೂತಿರುವುದು ಅವಳಿಗೆ ತಿಳಿಯಿತು. ದೊಡ್ಡದೊಂದು ಸಿಡಿಲಿಗೆ ಕಟ್ಟಡವೇ ನಡುಗಿತು. ಆಗ ಅವಳು ತಪ್ಪೊಪ್ಪಿಗೆ, ಮರ್ಯಾದೆ, ಮನೆ ಹೋಗುವ ಭಯ ಎಲ್ಲವನ್ನೂ ಮರೆತು ಬರಿಗಾಲಿನಲ್ಲಿ ಮೆಟ್ಟಿಲಿಳಿದು ಓಡಿದಳು.

ಕೆಳಗೆ ಬಾಗಿಲು ತೆರೆದೇ ಇತ್ತು. ಮುನಿತಾಯಮ್ಮ ಹೊಸ್ತಿಲಲ್ಲಿ ನಿಂತು, ಕೈಯಲ್ಲಿದ್ದ ಕುಡುಗೋಲನ್ನು ಬೀಸಿ ಅಂಗಳಕ್ಕೆ ಎಸೆದಳು. ಅದು ಕೈಜಾರಿ ಬಿತ್ತೆಂದುಕೊಂಡ ಕಿಯೊಮಿ ಹಿಂದುಮುಂದು ನೋಡದೆ ಮಳೆಗೆ ನುಗ್ಗಿ, ಎತ್ತಿಕೊಂಡು ಬಂದು, ತನ್ನ ಅಂಗಿಯಲ್ಲಿ ಒರೆಸಿ, ಎರಡು ಕೈಯಲ್ಲಿ ಹಿಡಿದು ತಲೆಬಾಗಿ ಒಪ್ಪಿಸಿದಳು. ಮುನಿತಾಯಮ್ಮ ಅವಳನ್ನೊಮ್ಮೆ ಕುಡುಗೋಲನ್ನೊಮ್ಮೆ ನೋಡಿ ಮತ್ತೆ ಎಸೆದಳು. ಕಿಯೊಮಿ ಮತ್ತೆ ಹೊರಟಳು. ಈ ಸಲ ಆಂಜಿನಪ್ಪ ಅವಳ ತೋಳು ಹಿಡಿದುಕೊಂಡ.

"ಬಿಡವ್ವ, ಅದು ಅಲ್ಲೇ ಬಿದ್ದಿರ್ಲಿ. ಕಬ್ಬಿಣ ಅಂಗಳದಲ್ಲಿದ್ರೆ ಸಿಡ್ಲು ಮನೆಗೆ ಬರಲ್ಲ, ಅದನ್ನೇ ಹುಡುಕ್ಕೊಂಡ್ ಹೋಗುತ್ತೆ."

"ಇವ್ಳು ನೋಡಿದ್ರೆ ಸಿಡ್ಲನ್ನ ಕೈ ಹಿಡ್ಕೊಂಡ್ ಒಳಕ್ಕೆ ಕರ್ಕೊಂಡ್ ಬತ್ತಾವ್ಳೆ" ಎಂದಳು ಮುನಿತಾಯಮ್ಮ. ಬೈದಳೋ ನಕ್ಕಳೋ ಆ ಸದ್ದಿನಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ಹುಳುಮನೆಯ ಕಡೆಯಿಂದ ಪಟಪಟ ಸದ್ದು ಬಂತು. ಅಲ್ಲಿಯ ದೊಡ್ಡ ಕಿಟಕಿಗೆ ಕಟ್ಟಿದ್ದ ಟಾರ್ಪಾಲು ಹಗ್ಗ ಕಿತ್ತುಕೊಂಡು ಹಾರಾಡುತ್ತಿತ್ತು. ಎರಚಲು ಒಳಗೆ ಹೊಡೆದು ಸೊಪ್ಪು ನೆನೆದರೆ, ನೆನೆದ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಗಂಡಹೆಂಡಿರು ಟಾರ್ಚು ಹಿಡಿದು ಓಡಿದರು. ಕಿಯೊಮಿ ಹುಳುಮನೆಯ ಬಾಗಿಲವರೆಗೆ ಓಡಿ, ಎರಡು ವರ್ಷದ ಅಭ್ಯಾಸದಿಂದ ಅಲ್ಲೇ ನಿಂತುಬಿಟ್ಟಳು. ಮಳೆ ಅವಳ ಬೆನ್ನಿಗೆ ಹೊಡೆಯುತ್ತಿತ್ತು. ಒಳಗಿನಿಂದ ಮುನಿತಾಯಮ್ಮ, "ಅಲ್ಲೇನ್ ನಿಂತಿದ್ದೀಯ ಕೆಂಪಮ್ಮ, ಬಾ ಒಳಕ್ಕೆ, ಮೂಲೆ ಹಿಡ್ಕೊ" ಎಂದು ಕೂಗಿದಳು. ಆಮೇಲೆ ಅದೇ ಉಸಿರಿನಲ್ಲಿ, "ಕಾಲು ತೊಳ್ಕೊಂಡ್ ಬಾ" ಎಂದಳು. ಬಾಗಿಲ ಬಳಿ ಇಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಕಿಯೊಮಿ ಒಳಗೆ ಹೋದಳು. ಅವಳ ಹಿಂದೆಯೇ ಇನ್ನೊಂದು ಟಾರ್ಚಿನ ಬೆಳಕು ಬಂತು. ಜಯಕುಮಾರ್, ತಲೆಗೆ ಗೊಬ್ಬರದ ಚೀಲ ಹೊದ್ದವನು, ತನ್ನ ಪಂಪ್‌ಹೌಸಿನಿಂದ ಟಾರ್ಪಾಲು ಹಾರುವುದನ್ನು ನೋಡಿ ಬೇಲಿ ಹಾರಿ ಬಂದಿದ್ದ. ಮುನಿತಾಯಮ್ಮ ಅವನ ಮುಖ ನೋಡಲಿಲ್ಲ. "ನೀನೂ ಕಾಲು ತೊಳ್ಕೊ" ಎಂದಳು.

ನಾಲ್ವರೂ ಒಂದೊಂದು ಮೂಲೆ ಹಿಡಿದು ಟಾರ್ಪಾಲನ್ನು ಕಿಟಕಿಗೆ ಒತ್ತಿ ನಿಂತರು. ಗಾಳಿ ಹೊರಗಿನಿಂದ ಅದನ್ನು ಎದೆಗೆ ಗುದ್ದುತ್ತಿತ್ತು. ಟಾರ್ಚು ಕೆಳಗಿಟ್ಟಿದ್ದರಿಂದ ಕಾಲುಗಳಷ್ಟೇ ಕಾಣುತ್ತಿದ್ದವು. ತಟ್ಟೆಗಳ ಸಾಲು ಕತ್ತಲಲ್ಲಿ ಸೂರಿನವರೆಗೆ ಏರಿಹೋಗಿತ್ತು, ಮತ್ತು ಆ ಕತ್ತಲಲ್ಲಿ ಸಾವಿರಾರು ಜೀವಗಳಿದ್ದವು ಎಂಬುದು ಕಿಯೊಮಿಗೆ ಚರ್ಮಕ್ಕೆ ತಾಗುವಂತೆ ಗೊತ್ತಾಗುತ್ತಿತ್ತು. ಮಿಂಚಿಗೊಮ್ಮೆ ಅವಳ ಎಡಗೈ ಟಾರ್ಪಾಲು ಬಿಟ್ಟು ಹೊಕ್ಕುಳಿಗೆ ಹೋಗುತ್ತಿತ್ತು. ಜಯಕುಮಾರ್ ಅದನ್ನು ನೋಡಿ, "ಮೇಡಂ, ಹೊಟ್ಟೆ ನೋವಾ?" ಎಂದ. ಇಲ್ಲ, ಗುಡುಗು ಹೊಕ್ಕುಳು ಕದಿಯುತ್ತದೆ ಎಂದು ಈ ಕತ್ತಲಲ್ಲಿ, ಈ ಭಾಷೆಯಲ್ಲಿ ಹೇಗೆ ಹೇಳುವುದು? "ಹೌದು, ಸ್ವಲ್ಪ" ಎಂದಳು. ಇದೊಂದು ಸುಳ್ಳು ಬೇರೆ ಸೇರಿತು.

ಆಂಜಿನಪ್ಪ ಅರ್ಜುನನ ಹೆಸರುಗಳನ್ನು ಶುರುಮಾಡಿದ. ಹತ್ತೂ ಹೇಳಿದರೆ ಸಿಡಿಲು ಹತ್ತಿರ ಸುಳಿಯದಂತೆ. "ಅರ್ಜುನ, ಫಲ್ಗುಣ, ಪಾರ್ಥ..." ಎಂದು ಬಂದು ನಿಂತ. "ಕಿರೀಟಿ" ಎಂದಳು ಮುನಿತಾಯಮ್ಮ. ಆಮೇಲೆ ಇಬ್ಬರಿಗೂ ಏನೂ ಬರಲಿಲ್ಲ. ಜಯಕುಮಾರ್ ಸಹಾಯಕ್ಕೆಂದು "ಭೀಮ" ಎಂದ.

"ಅದು ಅವ್ರಣ್ಣನ ಹೆಸ್ರು ಕಣೋ."

"ಬರ್ಲಿ ಬಿಡಕ್ಕ, ಒಬ್ರಿಗಿಬ್ರು ಇರ್ಲಿ."

ಆಗ ಬಿದ್ದ ಸಿಡಿಲು ತೋಟದ ತುದಿಯ ತೆಂಗಿಗೇ ಬಿದ್ದಿರಬೇಕು. ಕಿಟಕಿ, ಗೋಡೆ, ನಾಲ್ಕು ಮುಖಗಳು ನೀಲಿಯಾಗಿ ಬೆಳಗಿದವು. ಕಿಯೊಮಿಯ ಬಾಯಿಂದ, ಮೂವತ್ತು ವರ್ಷ ಬಾಯಿಗೆ ಬಾರದಿದ್ದ ಮಾತು ಒಂದೇ ಸಮನೆ ಉದುರತೊಡಗಿತು: "ಕುವಾಬರಾ, ಕುವಾಬರಾ, ಕುವಾಬರಾ." ಸದ್ದು ಅಡಗಿದ ಮೇಲೂ ಅವಳ ತುಟಿ ನಿಂತಿರಲಿಲ್ಲ.

"ಅದ್ಯಾವ್ ದೇವ್ರಮ್ಮ?" ಎಂದು ಆಂಜಿನಪ್ಪ ಭಯಭಕ್ತಿಯಿಂದ ಕೇಳಿದ.

"ದೇವರು ಅಲ್ಲ. ಹಿಪ್ಪುನೇರಳೆ ತೋಟ. ಅಜ್ಜಿ ಹೇಳುತ್ತಿದ್ದಳು. ಹಿಪ್ಪುನೇರಳೆ ತೋಟ, ಹಿಪ್ಪುನೇರಳೆ ತೋಟ. ಹಾಗೆ ಹೇಳಿದರೆ ಸಿಡಿಲು ಬೀಳುವುದಿಲ್ಲ. ಸಿಡಿಲಿಗೆ ಹಿಪ್ಪುನೇರಳೆ ಗಿಡ ಅಂದರೆ ಭಯ."

ಜಯಕುಮಾರನ ಹೆಗಲು ಕುಣಿಯತೊಡಗಿತು. "ನಾವು ಅರ್ಜುನನ್ನ ಕರೀತಾ ಇದ್ರೆ, ಮೇಡಂ ಸಿಡ್ಲಿಗೆ ನಮ್ ಅಡ್ರೆಸ್ಸೇ ಹೇಳ್ತಾವ್ರೆ." ಆಂಜಿನಪ್ಪ ನಕ್ಕ. ಮುನಿತಾಯಮ್ಮ ನಗಬಾರದೆಂದು ತಡೆದು, ತಡೆದು, ಟಾರ್ಪಾಲಿಗೆ ಹಣೆ ಆನಿಸಿ ನಕ್ಕಳು. ಕಿಯೊಮಿಯೂ ನಕ್ಕಳು. ನಗುತ್ತಿರುವಾಗಲೇ ಅವಳಿಗೆ ಅಳು ಬಂತು.

"ನಿಮ್ಮೂರಲ್ಲೂ ಸೊಪ್ಪು ಬೆಳೀತಿದ್ರಾ?" ಎಂದಳು ಮುನಿತಾಯಮ್ಮ. "ಎರಡು ವರ್ಷದಿಂದ ಹೇಳ್ಲೇ ಇಲ್ವಲ್ಲ."

"ಬೆಳೆಯುತ್ತಿದ್ದರು. ಅಜ್ಜಿ ಹುಳು ಸಾಕುತ್ತಿದ್ದಳು. ಅಮ್ಮ, ನಾನು ಹಚ್ಚಿದೆ." ಕಟ್ಟಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಸೊಳ್ಳೆಬತ್ತಿ. ನಿನ್ನೆ ರಾತ್ರಿ. ಸೊಳ್ಳೆ ಇರಲಿಲ್ಲ. ವಾಸನೆ ಬೇಕಿತ್ತು, ಅಜ್ಜಿಯ ಮನೆಯ ವಾಸನೆ. ಕಿಟಕಿ ತೆರೆದೆ. ಜಯಕುಮಾರ್ ಅವರದು ತಪ್ಪು ಇಲ್ಲ. ನಾನು ಮನೆ ಬಿಡುತ್ತೇನೆ."

ಹೊರಗೆ ಮಳೆ ಸುರಿಯುತ್ತಿತ್ತು. ಮುನಿತಾಯಮ್ಮ ಮುಖ ತಿರುಗಿಸಿಕೊಂಡು ಟಾರ್ಪಾಲನ್ನು ಇನ್ನೂ ಬಿಗಿಯಾಗಿ ಒತ್ತಿದಳು. ಅದಕ್ಕಿಂತ ಸಿಡಿಲೇ ವಾಸಿ ಎನಿಸಿತು ಕಿಯೊಮಿಗೆ; ಕೈ ಬಿಟ್ಟು ಓಡೋಣವೆಂದರೆ ಟಾರ್ಪಾಲಿನ ಮೂಲೆ ಕೈಯಲ್ಲಿತ್ತು. ನಾಲ್ವರಲ್ಲಿ ಯಾರೂ ಬಿಡುವಂತಿರಲಿಲ್ಲ. ಅಷ್ಟರಲ್ಲಿ ಆಂಜಿನಪ್ಪ ಗಂಟಲು ಸರಿಮಾಡಿಕೊಂಡ.

"ಅವಮ್ಮನ್ನ ಏನೂ ಅನ್ಬೇಡ ಕಣೆ. ನಿನ್ನೆ ಸೊಪ್ಪು ಹಾಕೋಕೆ ಬಂದೋನು ನಾನೂ... ಆ ಮೂಲೇಲಿ ನಿಂತ್ಕಂಡು... ಒಂದು ಬೀಡಿ ಸೇದ್ಬಿಟ್ಟೆ."

"ಡಾಕ್ಟ್ರು ಬೇಡ ಅಂದಿರೋ ಬೀಡಿ. ಅದೂ ನನ್ ಹುಳದ ಮುಂದೆ."

"ಇಡೀ ಮನೇಲಿ ನೀನು ಮೂಸ್ದೆ ಇರೋ ಜಾಗ ಇದೊಂದೇ. ಹುಳಕ್ಕೆ ಉದುರ್ಸೋ ಸುಣ್ಣದ ವಾಸ್ನೇಲಿ ಬೀಡಿ ವಾಸ್ನೆ ಗೊತ್ತಾಗಲ್ಲ ಅಂತ."

"ಅಕ್ಕ," ಎಂದ ಜಯಕುಮಾರ್ ಬಹಳ ವಿನಯದಿಂದ, "ನಾನು ಕೈ ಬಿಡ್ಲಾ?"

"ಬಿಟ್ರೆ ನೋಡು."

"ಅಲ್ಲ, ಬೆಳಿಗ್ಗೆ ಏನೋ ಉದುರೋಗ್ಲಿ ಅಂತಿದ್ರಿ."

"ಅಂದೆ. ಈಗ ಬೇಡ ಅಂತೀನಿ. ಸಾಕಾ?" ಮುನಿತಾಯಮ್ಮನ ದನಿಯಲ್ಲಿ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು. "ಮಳೆ ನಿಂತ್ಮೇಲೆ ಉಂಡ್ಕೊಂಡ್ ಹೋಗು. ನೀನು ಕೆಂಪಮ್ಮ, ಗಟ್ಟಿಯಾಗ್ ಹಿಡ್ಕೊ, ಎರಡೂ ಕೈಯಲ್ಲಿ. ಮನೆ ಬಿಡೋ ಮಾತು ಆಮೇಲ್ ಆಡೋಣ."

ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ತೋಳುಗಳು ತಮ್ಮವಲ್ಲ ಎನ್ನುವಂತಾದವು. ಗಾಳಿ ಟಾರ್ಪಾಲನ್ನು ಗುದ್ದುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಗುಡುಗು ಹೊಸಕೋಟೆಯ ಕಡೆ ಗೊಣಗುತ್ತಾ ಸರಿದುಹೋಯಿತು. ಮಳೆಯ ಸದ್ದು ಮಾತ್ರ ಸಣ್ಣಗೆ, ಒಂದೇ ಸಮನೆ ಕೇಳುತ್ತಲೇ ಇತ್ತು. "ಇದು ಬೆಳತನಕ ಬಿಡಲ್ಲ" ಎಂದ ಜಯಕುಮಾರ್. ಮೂಲೆಗಳನ್ನು ಮೊಳೆಗಳಿಗೆ ಬಿಗಿದು ಆಂಜಿನಪ್ಪ ಬಾಗಿಲು ತೆರೆದ. ಹೊರಗೆ ನಕ್ಷತ್ರಗಳಿದ್ದವು. ಅಂಗಳದ ನೀರಿನಲ್ಲಿ ಕುಡುಗೋಲು ಹೊಳೆಯುತ್ತಾ ಬಿದ್ದಿತ್ತು. ಕಿಯೊಮಿಯ ಕಾಲು ಅಭ್ಯಾಸದಿಂದ ಒಂದು ಹೆಜ್ಜೆ ಮುಂದೆ ಹೋಯಿತು, ಹಿಂದೆ ಬಂತು. ಸೂರಿನ ಹನಿ ಕೂಡ ನಿಂತುಹೋಗಿತ್ತು. ಆದರೂ ಮಳೆಯ ಸದ್ದು ಇತ್ತು.

ಮುನಿತಾಯಮ್ಮ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದಳು. ಟಾರ್ಚು ಎತ್ತಿಕೊಂಡು, ಸದ್ದಾಗದಂತೆ, ಮೆಟ್ಟಿಲ ಕಡೆಯ ಮೂಲೆಗೆ ನಡೆದಳು. ಸಂಜೆ ಹಾಕಿದ ಸೊಪ್ಪಿನಲ್ಲಿ ಉಳಿದದ್ದು ನಾರು. ಹುಳುಗಳು ತಲೆಯನ್ನು ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ ಆಡಿಸುತ್ತಾ ಎಲೆಯ ಅಂಚನ್ನು ಕತ್ತರಿಸುತ್ತಿದ್ದವು. ಆ ಮೂಲೆಯಿಂದ ಶುರುವಾಗಿ ಸೂರಿನವರೆಗಿನ ಎಲ್ಲ ತಟ್ಟೆಗಳಿಂದ ಬರುತ್ತಿದ್ದ ಸದ್ದು ಅದು. ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಟ್ಟದಿಂದ ಬರುವ ಇಂಥ ಸದ್ದಿನ ಕೆಳಗೇ ನಿನ್ನ ತಾಯಿ ಹುಟ್ಟಿ ಬೆಳೆದದ್ದು ಎಂಬ ಅಜ್ಜಿಯ ಮಾತು ಕಿಯೊಮಿಗೆ ನೆನಪಾಯಿತು. ಆ ಮನೆಯಲ್ಲಿ ತಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

"ಹಸ್ದವೆ," ಎಂದಳು ಮುನಿತಾಯಮ್ಮ. ಮೂಲೆಯಲ್ಲಿ ಗೋಣಿಯಡಿ ನೆನೆಯದೆ ಉಳಿದಿದ್ದ ಸೊಪ್ಪಿನಿಂದ ಒಂದು ತೆಕ್ಕೆ ಎತ್ತಿ ತಂದಳು. ಕಿಯೊಮಿಯ ಕತ್ತಿನ ಬಳಿ ಮೂಗು ತಂದು, ಎರಡು ವರ್ಷದ ಹಿಂದಿನ ಹಾಗೆಯೇ ಮೂಸಿದಳು. ಬರೀ ಮಳೆ, ಬರೀ ಬೆವರು. "ನಾಳೆ ನಮ್ಮತ್ತೆ ಕಾಲದ ಸೊಳ್ಳೆಪರದೆ ಪೆಟ್ಟಿಗೆಯಿಂದ ತೆಗೆದ್ಕೊಡ್ತೀನಿ. ಈಗ ಹಾಕು, ತೆಳ್ಳಗೆ ಹರಡು."

ಕಿಯೊಮಿ ಅಂಗಿಗೆ ಕೈ ಒರೆಸಿಕೊಂಡು, ಸೊಪ್ಪು ತೆಗೆದುಕೊಂಡು, ಮೂಲೆಯ ತಟ್ಟೆಯ ಮೇಲೆ ಹರಡಿದಳು. ಅವಳ ಬೆರಳುಗಳ ಕೆಳಗೆ ಮಳೆ ಜೋರಾಯಿತು.